30 ಡಾಲರ್, 30 ನಿಮಿಷ: ಲೆಕ್ಕಕ್ಕೆ ಬಾರದ್ದು ಯಾವುದು?

ಹಾಲು, ಮೊಟ್ಟೆ, ಮಾಂಸ ಮೂರನ್ನೂ ಬಿಟ್ಟು, ಕೈಯಲ್ಲಿರೋ ಕಡಿಮೆ ದುಡ್ಡಲ್ಲಿ ಅಮೆರಿಕದ ಬಾಡಿಗೆ ಮನೆಯೊಂದರಲ್ಲಿ ಅಡುಗೆ ಶುರುಮಾಡಿದ್ದೀರಾ? ಹಾಗಾದರೆ ಎರಡು ಪುಸ್ತಕಗಳ ಹೆಸರು ನಿಮ್ಮ ಕಿವಿಗೆ ಬಿದ್ದಿರುತ್ತೆ. ಒಂದು, ಲಿಯಾನ್ ಬ್ರೌನ್ ಅವರ 'ಗುಡ್ ಅಂಡ್ ಚೀಪ್' (2014). ಇನ್ನೊಂದು, ಟೋನಿ ಒಕಮೋಟೊ ಅವರ 'ಪ್ಲಾಂಟ್-ಬೇಸ್ಡ್ ಆನ್ ಎ ಬಜೆಟ್' (2019). ಎರಡೂ ಒಳ್ಳೆಯ ಉದ್ದೇಶದ ಪುಸ್ತಕಗಳೇ. ಆದರೆ ಅಗ್ಗದ ಊಟ ಅಂದಾಗ ಇವು ಏನನ್ನು ಲೆಕ್ಕ ಹಾಕುತ್ತವೆ, ಏನನ್ನು ಬಿಡುತ್ತವೆ ಅನ್ನೋದನ್ನ ನೋಡೋಣ. ಆಮೇಲೆ ಅದೇ ಪ್ರಶ್ನೆಯನ್ನ ನಮ್ಮ ಮನೆಗಳಿಗೂ ಕೇಳೋಣ.

ಬ್ರೌನ್ ಪುಸ್ತಕ ಹುಟ್ಟಿದ್ದು ಅವರ ಎಂ.ಎ. ಓದಿನ ಯೋಜನೆಯಾಗಿ. ಫುಡ್ ಸ್ಟಾಂಪ್ ಅಂತ ಜನ ಇನ್ನೂ ಕರೆಯುವ ಸರ್ಕಾರಿ ನೆರವಿನಲ್ಲಿ ಬದುಕುವವರಿಗೆ ದಿನಕ್ಕೆ 4 ಡಾಲರಿನಲ್ಲಿ ಚೆನ್ನಾಗಿ ಉಣ್ಣುವುದು ಹೇಗೆ ಅನ್ನೋದು ಅದರ ವಿಷಯ. ಪಿಡಿಎಫ್ ಅನ್ನು ಅವರು ಉಚಿತವಾಗಿಯೇ ಕೊಟ್ಟರು. ನನಗೆ ಅದರಲ್ಲಿ ಹಿಡಿಸಿದ್ದು ಒಂದು ಸಣ್ಣ ಸಲಹೆ: ಎಣ್ಣೆ, ಮಸಾಲೆಯಂಥ ದುಬಾರಿ ಸಾಮಾನನ್ನು ಒಟ್ಟಿಗೆ ತರಬೇಡಿ, ಸಾಧ್ಯವಾದರೆ ವಾರಕ್ಕೆ ಒಂದೆರಡು ಮಾತ್ರ ತನ್ನಿ. ಕೈಯಲ್ಲಿ ದುಡ್ಡಿಲ್ಲದವರ ಕಷ್ಟ ಬಲ್ಲವರ ಮಾತು ಇದು. ಒಂದು ಚಮಚ ಜೀರಿಗೆಗೆ ಎರಡು ಸೆಂಟ್ ಅಂತ ಲೆಕ್ಕ ಬರೆಯೋದು ಸುಲಭ, ಆದರೆ ಅಂಗಡಿಯವರು ಒಂದು ಚಮಚ ಜೀರಿಗೆ ಮಾರೋದಿಲ್ಲವಲ್ಲ. ಇಷ್ಟಾದರೂ ಅದು ವೀಗನ್ ಪುಸ್ತಕವಲ್ಲ. ಮೊಟ್ಟೆ, ಬೆಣ್ಣೆ ತೆಗೆದರೆ ಅದರ ಅರ್ಧ ರುಚಿ ಹೋಗುತ್ತೆ.

ಆ ಜಾಗಕ್ಕೆ ಬರೋದು ಒಕಮೋಟೊ. ವಾರಕ್ಕೆ 30 ಡಾಲರಿನೊಳಗೆ, ಊಟಕ್ಕೆ 30 ನಿಮಿಷದೊಳಗೆ ಅಂತ ಅವರ ಪುಸ್ತಕದ ಮುಖಪುಟವೇ ಮಾತು ಕೊಡುತ್ತೆ. ದಿನಕ್ಕೆ 4 ಡಾಲರ್ ಅಂದರೆ ವಾರಕ್ಕೆ 28, ಹಾಗಾಗಿ ಎರಡು ಪುಸ್ತಕಗಳೂ ಹೆಚ್ಚುಕಮ್ಮಿ ಒಂದೇ ಕಡೆ ನಿಂತಿವೆ. ಆಮೇಲೆ ದಿನಸಿ ಬೆಲೆ ಏರಿದೆ, ಅದನ್ನು ಪುಸ್ತಕದ ತಪ್ಪು ಅನ್ನೋಕಾಗಲ್ಲ. ನನ್ನ ತಕರಾರು ಬೇರೆ: ಆ ಎರಡು ಮೂವತ್ತುಗಳು ಒಂದಕ್ಕೊಂದು ಎಳೆದಾಡುತ್ತವೆ.

ಕಡಲೆಕಾಳನ್ನೇ ತಗೊಳ್ಳಿ. ಒಂದು ಪೌಂಡ್ ಒಣ ಕಾಳು ಬೆಂದರೆ ಸುಮಾರು 6 ಕಪ್ ಆಗುತ್ತೆ. 15 ಔನ್ಸಿನ ಡಬ್ಬಿಯ ನೀರು ಬಸಿದರೆ ಸಿಗೋದು ಒಂದೂವರೆ ಕಪ್ ಮಾತ್ರ. ಅಂದರೆ ಒಂದು ಪೌಂಡ್ ಕಾಳು ನಾಲ್ಕು ಡಬ್ಬಿಗೆ ಸಮ. ದುಡ್ಡು ಉಳಿಯೋದು ಒಣ ಕಾಳಲ್ಲಿ, ಹೊತ್ತು ಉಳಿಯೋದು ಡಬ್ಬಿಯಲ್ಲಿ. ರಾತ್ರಿ ನೆನೆಹಾಕಿ, ಮರುದಿನ ಒಂದು ಗಂಟೆಗೂ ಹೆಚ್ಚು ಬೇಯಿಸಬೇಕಾದ ಕಾಳಿಗೆ ಮೂವತ್ತು ನಿಮಿಷ ಎಲ್ಲಿ ಸಾಕು? ಎರಡು ಪಾಳಿ ಕೆಲಸ ಮಾಡಿ ಬಂದವರಿಗೆ ಇದು ಸಣ್ಣ ವಿಷಯವಲ್ಲ. ಮುಖಪುಟ ಎರಡನ್ನೂ ಒಟ್ಟಿಗೆ ಹೇಳಿದಾಗ, ಅಡುಗೆ ಸೋತರೆ ತಪ್ಪು ತನ್ನದೇ ಅಂತ ಓದುಗರಿಗೆ ಅನ್ನಿಸುತ್ತೆ.

ಈ ಗಂಟು ಬಿಡಿಸೋ ಎರಡು ಉಪಾಯ ನಮ್ಮ ಮನೆಗಳಲ್ಲಿವೆ. ಒಂದು, ಬೇಳೆ. ಹೆಸರುಬೇಳೆ, ಮಸೂರ್ ಬೇಳೆ ನೆನೆಸದೆಯೇ ಇಪ್ಪತ್ತು-ಇಪ್ಪತ್ತೈದು ನಿಮಿಷಕ್ಕೆ ಬೇಯುತ್ತವೆ. ಮಸೂರ್ ಬೇಳೆಗೆ ಇಂಡಿಯನ್ ಸ್ಟೋರಿಗೇ ಹೋಗಬೇಕಾಗಿಲ್ಲ. ಇನ್ನೊಂದು, ಕುಕ್ಕರ್.

ಮೂರನೆಯದೊಂದಿದೆ, ಅದು ಪಾತ್ರೆಯೂ ಅಲ್ಲ, ದಿನಸಿಯೂ ಅಲ್ಲ: ಬಸ್ಸಾರಿನ ಯೋಚನೆ. ಹಳೇ ಮೈಸೂರು ಕಡೆಯ ಮನೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳ್ತೀನಿ. ಅಲಸಂದೆ ಕಾಳು, ಒಂದು ಕಟ್ಟು ಸೊಪ್ಪು ಬೇಯಿಸಿ. ಕಟ್ಟನ್ನು, ಅಂದರೆ ಬೆಂದ ನೀರನ್ನು, ಬಸಿದು ಬೇರೆ ಇಡಿ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಧನಿಯ, ಹುಣಸೆಹಣ್ಣಿನ ಜೊತೆ ಒಂದು ಸೌಟು ಬೆಂದ ಕಾಳನ್ನೂ ರುಬ್ಬಿ ಆ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಸೊಪ್ಪು-ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ತೆಂಗಿನಕಾಯಿ ಇದ್ದರೆ ಹಾಕಿ, ಇಲ್ಲದಿದ್ದರೂ ರುಬ್ಬಿದ ಕಾಳಿಂದಲೇ ಸಾರು ಗಟ್ಟಿಯಾಗುತ್ತೆ. ಇಲ್ಲಿನ ಬ್ಲ್ಯಾಕ್-ಐಡ್ ಪೀಸ್, ಫ್ರೋಜನ್ ಪಾಲಕ್ ಸಾಕು. ಒಂದು ಪಾತ್ರೆಯಿಂದ ಎರಡು ಅಡುಗೆ, ಚೆಲ್ಲೋ ನೀರಿಲ್ಲ. ಬ್ರೌನ್ ಪುಸ್ತಕ ಒಂದೊಂದು ಅಡುಗೆಗೆ ಪ್ರತ್ಯೇಕ ಬೆಲೆ ಹಾಕುತ್ತಾ ಹೋಗುತ್ತೆ. ಹೀಗೆ ಒಂದರಿಂದ ಇನ್ನೊಂದು ಹುಟ್ಟುವ ಅಡುಗೆ ಆ ಲೆಕ್ಕದ ಕೈಗೆ ಸಿಗೋದೇ ಇಲ್ಲ.

ಆದರೆ ಬೀಗೋದು ಬೇಡ. ನಮ್ಮ ಲೆಕ್ಕದಲ್ಲೂ ತೂತುಗಳಿವೆ. "ನಮ್ಮದು ಪ್ಯೂರ್ ವೆಜ್" ಅಂತ ಆಂಟಿ ಬಡಿಸಿದ ಸಾರಿನಲ್ಲಿ ತುಪ್ಪದ ಒಗ್ಗರಣೆ ಇರುತ್ತೆ. ಸಸ್ಯಾಹಾರಿ ಅನ್ನೋದೂ ವೀಗನ್ ಅನ್ನೋದೂ ಒಂದೇ ಅಲ್ಲ. ಊಟದ ಕೊನೆಗೆ ಬರೋ ಮೊಸರು, ಮಜ್ಜಿಗೆ ತೆಗೆದಾಗ ಬಿ12 ಅನ್ನೂ ತೆಗೆದ ಹಾಗೆ. ಬೇಳೆ-ಕಾಳು ಅದನ್ನು ಕೊಡೋದಿಲ್ಲ. ಬಿ12 ಮಾತ್ರೆಯ ಅಥವಾ ಅದನ್ನು ಬೆರೆಸಿದ ಆಹಾರದ ಖರ್ಚು ನಿಮ್ಮ ವಾರದ ಬಜೆಟ್ಟಿನಲ್ಲಿ ಇರಲೇಬೇಕು. ಇದರಲ್ಲಿ ಜಿಪುಣತನ ಬೇಡ.

ಎಲ್ಲಕ್ಕಿಂತ ದೊಡ್ಡ ತೂತು ಇನ್ನೊಂದು. ರಾತ್ರಿ ಮಲಗೋ ಮುಂಚೆ ಕಾಳು ನೆನೆಹಾಕುತ್ತಿದ್ದವರು ಯಾರು? ಬೆಳಿಗ್ಗೆ ಸೊಪ್ಪು ಬಿಡಿಸಿ, ರುಬ್ಬಿ, ಕಟ್ಟು ಬಸಿದವರು ಯಾರು? ಅಮ್ಮ, ಅಜ್ಜಿ, ಅತ್ತೆ. ಆ ಹೊತ್ತಿಗೆ ಯಾರೂ ಬೆಲೆ ಕಟ್ಟಲಿಲ್ಲ, ಅದಕ್ಕೇ ನಮ್ಮ ಅಡುಗೆ ಅಷ್ಟು ಅಗ್ಗವಾಗಿ ಕಾಣುತ್ತೆ. "ನಮ್ಮಜ್ಜಿ ಏನೂ ಇಲ್ಲದೆ ಎಷ್ಟು ಚೆನ್ನಾಗಿ ಮಾಡ್ತಿದ್ರು" ಅಂತ ಹೇಳುವಾಗ ಇದು ನೆನಪಿರಲಿ. ಈ ವಿಷಯದಲ್ಲಿ ಒಕಮೋಟೊ ನಮಗಿಂತ ಪ್ರಾಮಾಣಿಕರು: ಹೊತ್ತಿಗೂ ಒಂದು ಸಂಖ್ಯೆ ಇದೆ ಅಂತ ಒಪ್ಪಿಕೊಂಡು ಅದನ್ನು ಮುಖಪುಟದಲ್ಲೇ ಹಾಕಿದರು. ಸಂಖ್ಯೆ ಸ್ವಲ್ಪ ತಪ್ಪಿರಬಹುದು, ಪ್ರಶ್ನೆ ಸರಿಯಾಗಿದೆ.

ಹಾಗಾಗಿ ಯಾವುದನ್ನು ಓದಬೇಕು? ಸಾಮಾನು ಕೂಡಿಸೋದನ್ನ ಕಲಿಯೋಕೆ ಬ್ರೌನ್, ಹಾಲು-ಮೊಟ್ಟೆ ಇಲ್ಲದ ಧೈರ್ಯಕ್ಕೆ ಒಕಮೋಟೊ. ಆಮೇಲೆ ಮನೆಗೊಂದು ಫೋನ್ ಮಾಡಿ ಬಸ್ಸಾರು ಮಾಡೋದು ಹೇಗೆ ಅಂತ ಕೇಳಿ. ಜೊತೆಗೆ ಇನ್ನೊಂದು ಪ್ರಶ್ನೆ: "ಇದಕ್ಕೆ ನಿಂಗೆ ಎಷ್ಟು ಹೊತ್ತು ಹಿಡೀತಿತ್ತಮ್ಮಾ?" ಪಾಕವಿಧಾನದ ಪಕ್ಕದಲ್ಲೇ ಆ ಉತ್ತರವನ್ನೂ ಬರೆದಿಟ್ಟುಕೊಳ್ಳಿ.