ಖಡ್ಗಮೃಗಕ್ಕೆ ಸಿಕ್ಕ ಬಿರುದು

ಹದಿನಾರನೆಯ ಶತಮಾನದ ಯೂರೋಪಿನ ಲಾಂಛನ ಪುಸ್ತಕಗಳಲ್ಲಿ ಪುಟದ ಕಟ್ಟು ಸರಳ: ಮೇಲೆ ಚುಟುಕು ಧ್ಯೇಯವಾಕ್ಯ, ನಡುವೆ ಚಿತ್ರ, ಕೆಳಗೆ ಪದ್ಯ. 1531ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಅಚ್ಚಾದ ಆಂಡ್ರಿಯಾ ಆಲ್ಚಾತೋನ ಪುಸ್ತಕ ಈ ಪರಂಪರೆಗೆ ತಳಪಾಯ. ಅದರ ಪ್ರಾಣಿಗಳಲ್ಲಿ ಹೆಚ್ಚಿನವು ಕಾಡಿನಿಂದ ಬಂದವಲ್ಲ, ಹಳೆಯ ಗ್ರಂಥಗಳಿಂದ ಇಳಿದವು. ದೇವಿಯ ವಿಗ್ರಹ ಹೊತ್ತ ಕತ್ತೆ ಜನ ಕೈಮುಗಿಯುವುದು ತನಗೇ ಎಂದು ಬೀಗುವ ಪುಟ ಅಂಥದ್ದೇ.

ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಮಾತ್ರ ಹಡಗೇರಿ ಬಂದ ಒಂದು ಜೀವದ ಕಡೆಗೆ. ಗುಜರಾತಿನ ಸುಲ್ತಾನ ಎರಡನೆಯ ಮುಜಫ್ಫರ್ ಶಾ ಪೋರ್ಚುಗೀಸರ ಅಲ್ಬುಕರ್ಕ್‌ಗೆ ಕೊಟ್ಟ ಖಡ್ಗಮೃಗ ಅದು. ಗೋವೆಯಿಂದ ಹೊರಟು 1515ರ ಮೇ ತಿಂಗಳಲ್ಲಿ ಲಿಸ್ಬನ್ ಮುಟ್ಟಿತು. ಆನೆಗೆ ಖಡ್ಗಮೃಗ ಹುಟ್ಟುವೈರಿ ಎಂದು ರೋಮಿನ ಪ್ಲಿನಿ ಬರೆದಿದ್ದನಲ್ಲ, ಅದನ್ನು ಪರೀಕ್ಷಿಸಲು ದೊರೆ ಮನುಯೆಲ್ ಎರಡನ್ನೂ ಎದುರುಬದುರು ಬಿಡಿಸಿದ. ಆನೆ ಓಡಿಹೋಯಿತು.

ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್ ಆ ಪ್ರಾಣಿಯನ್ನು ಕಂಡವನೇ ಅಲ್ಲ. ಬೇರೆಯವರ ವರ್ಣನೆಯನ್ನೂ ಒಂದು ರೇಖಾಚಿತ್ರವನ್ನೂ ನಂಬಿ ಅದೇ ವರ್ಷ ಮರದಚ್ಚಿನ ಚಿತ್ರ ಹೊರತಂದ. ಹತ್ತಿರದಿಂದ ನೋಡಿ: ಚರ್ಮದ ಮಡಿಕೆಗಳು ಲೋಹದ ತಗಡುಗಳಾಗಿವೆ, ಅಂಚಿನುದ್ದಕ್ಕೂ ಗುಬುಟು ಮೊಳೆ ಹೊಡೆದಂತಿದೆ, ಕಾಲಿನ ತುಂಬ ಹುರುಪೆ. ಹೆಗಲ ಮೇಲೆ, ನಿಜದಲ್ಲಿ ಇಲ್ಲದ, ಇನ್ನೊಂದು ಪುಟ್ಟ ತಿರುಚುಗೊಂಬು. ಪ್ರಾಣಿಶಾಸ್ತ್ರಕ್ಕೆ ಇದು ತಪ್ಪು. ಆದರೆ ಈ ತಪ್ಪೇ ಖಡ್ಗಮೃಗಕ್ಕೆ ಕವಚ ತೊಡಿಸಿ ಅದನ್ನು ವೀರನನ್ನಾಗಿಸಿತು, ಲಾಂಛನಕ್ಕೆ ಸಿದ್ಧಪಡಿಸಿತು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಬಿರುದೂ ಬಂತು. ಫ್ಲಾರೆನ್ಸಿನ ಅಲೆಸ್ಸಾಂಡ್ರೊ ಮೆಡಿಚಿಗೆ ಪಾವೊಲೊ ಜೋವಿಯೊ ಖಡ್ಗಮೃಗವನ್ನೇ ಲಾಂಛನವಾಗಿ ಆರಿಸಿಕೊಟ್ಟ; ಜೊತೆಗೆ, ಗೆಲ್ಲದೆ ಹಿಂದಿರುಗುವುದಿಲ್ಲ ಎಂಬ ಅರ್ಥದ ಸ್ಪ್ಯಾನಿಷ್ ಮಾತು. 1555ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅವನೇ ಇದನ್ನು ಹೇಳಿದ್ದಾನೆ. ಆ ಹೊತ್ತಿಗೆ ಪ್ರಾಣಿ ಸತ್ತು ಎಷ್ಟೋ ಕಾಲವಾಗಿತ್ತು. ಪೋಪ್ ಹತ್ತನೆಯ ಲಿಯೊಗೆ ಕಾಣಿಕೆಯಾಗಿ ಹೋಗುತ್ತಿದ್ದಾಗ, 1516ರ ಆರಂಭದಲ್ಲಿ ಇಟಲಿಯ ಲಿಗೂರಿಯಾ ಕರಾವಳಿಯ ಬಳಿ ಹಡಗು ಒಡೆಯಿತು. ಈಜಬಲ್ಲ ಮೃಗ ಸರಪಳಿಯಲ್ಲಿ ಸಿಕ್ಕಿ ಮುಳುಗಿತು. ಈ ದುರಂತ ಜೋವಿಯೊಗೆ ಗೊತ್ತಿತ್ತು, ಆದರೂ ಬಿರುದಿಗೆ ಚ್ಯುತಿ ಬರಲಿಲ್ಲ. ಲಾಂಛನಕಾರನಿಗೆ ಬೇಕಿದ್ದದ್ದು ಪ್ರಾಣಿಯ ಒಂದೇ ಒಂದು ಗುಣ; ಉಳಿದ ಬದುಕನ್ನು ಅವನು ಚೌಕಟ್ಟಿನಾಚೆ ಬಿಟ್ಟ.

ಡ್ಯೂರರ್ ಮೊದಲು ಲೇಖನಿಯಲ್ಲಿ ಬರೆದ ಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅಚ್ಚಿನ ಚಿತ್ರವನ್ನು ಅದರ ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು. ಹೆಗಲ ಕೊಂಬು ಆಗಲೇ ಅಲ್ಲಿ ಮೂಡಿದೆ.