ಮುಖಕ್ಕೊಂದು ಚೌಕ, ಊರಿಗೊಂದು ಕಂಪ್ಯೂಟರ್

ಲಿನಕ್ಸ್ ಕಂಪ್ಯೂಟರಲ್ಲಿ ದುಡ್ಡು ಕೊಡದೆ ವಿಡಿಯೋ ಮೀಟಿಂಗ್ ಮಾಡೋದು ಈಗ ಕಷ್ಟವೇನಲ್ಲ. ಹಳೇ ಲ್ಯಾಪ್‌ಟಾಪಿಗೆ ಲುಬುಂಟು ಹಾಕಿ, ಬ್ರೌಸರಲ್ಲಿ ಜಿಟ್ಸಿ ಮೀಟ್ ತೆರೆದರೆ ಆಯ್ತು. ಬೇರೆ ಆ್ಯಪ್ ಬೇಡ, ಲೈಸೆನ್ಸ್ ಬೇಡ. ಜೂಮ್‌ನ ಉಚಿತ ಖಾತೆಯ ಹಾಗೆ 40 ನಿಮಿಷಕ್ಕೆ ಬಾಗಿಲು ಹಾಕಿಕೊಳ್ಳೋದೂ ಇಲ್ಲ. ಆದರೂ ಇದನ್ನು 'ಎಲ್ಲರಿಗೂ ಅಗ್ಗ' ಅಂತ ಹೊಗಳುವವರ ಜೊತೆ ನನಗೊಂದು ತಕರಾರಿದೆ.

ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಿಸಿಬಿಡೋಣ. 2003ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಎಮಿಲ್ ಇವೊವ್ ಎಂಬ ವಿದ್ಯಾರ್ಥಿ ಶುರುಮಾಡಿದ ಕೆಲಸವೇ ಬೆಳೆದು ಜಿಟ್ಸಿ ಆಯ್ತು. ಕೋಡ್ ಇವತ್ತಿಗೂ ಮುಕ್ತವಾಗಿದೆ. ಬೇಕಾದವರು ತಮ್ಮದೇ ಸರ್ವರಲ್ಲಿ ನಡೆಸಬಹುದು. 2020ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಜೂಮ್ ಸುರಕ್ಷಿತವಲ್ಲ ಅಂದಾಗ, ಕೈಗೆ ಸಿಗೋ ಹಾಗೆ ಇಂಥದ್ದೊಂದು ಇತ್ತು ಅನ್ನೋದು ಸಣ್ಣ ಮಾತಲ್ಲ.

ಈಗ ತಕರಾರು. ಜಿಟ್ಸಿಯ ಸರ್ವರ್ ಎಲ್ಲರ ವಿಡಿಯೋವನ್ನು ಒಂದಾಗಿ ಬೆರೆಸಿ ಕಳಿಸಲ್ಲ. ಬಂದದ್ದನ್ನು ಬಂದ ಹಾಗೇ ಉಳಿದವರಿಗೆ ಹಂಚುತ್ತೆ. ಇದರಿಂದ ಸರ್ವರಿಗೆ ಹೊರೆ ಕಮ್ಮಿ. ಆದರೆ ಪರದೆ ಮೇಲೆ ಎಂಟು ಮುಖ ಇದ್ದರೆ ಎಂಟು ವಿಡಿಯೋಗಳನ್ನೂ ಬಿಡಿಸಿ ತೋರಿಸೋ ಕೂಲಿ ನಿಮ್ಮ ಹಳೇ ಲ್ಯಾಪ್‌ಟಾಪಿನದು. ಲಿನಕ್ಸ್ ಬ್ರೌಸರುಗಳಲ್ಲಿ ಈ ಕೆಲಸಕ್ಕೆ ಗ್ರಾಫಿಕ್ಸ್ ಚಿಪ್‌ನ ನೆರವು ಎಷ್ಟೋ ಸಲ ಸಿಗೋದಿಲ್ಲ, ಎಲ್ಲಾ ಪ್ರೊಸೆಸರ್ ತಲೆ ಮೇಲೇ. ಸಾಫ್ಟ್‌ವೇರ್ ಪುಕ್ಕಟೆ, ಬಿಸಿ ನಿಮ್ಮದು.

ಡೇಟಾ ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 1 ಮೆಗಾಬಿಟ್ ವಿಡಿಯೋ ಅಂದ್ರೆ ಗಂಟೆಗೆ 450 ಎಂಬಿ. ಮಾತು ಸ್ಪಷ್ಟವಾಗಿ ಕೇಳೋಕೆ 32 ಕಿಲೋಬಿಟ್ ಸಾಕು, ಗಂಟೆಗೆ 15 ಎಂಬಿ ಕೂಡ ಆಗಲ್ಲ. ಅಂದರೆ ಮುಖಕ್ಕೆ ಮಾತಿನ ಮೂವತ್ತು ಪಟ್ಟು ಖರ್ಚು. ಮುಖವನ್ನು ಬಿಡುವ ದಾರಿ ಜಿಟ್ಸಿಯಲ್ಲಿ ಇದೆ. ಆದರೆ ಅದು ಮೂರು ಚುಕ್ಕಿಯ ಮೆನು ಒಳಗೆ, ಪರ್ಫಾರ್ಮೆನ್ಸ್ ಸೆಟ್ಟಿಂಗಿನಲ್ಲಿ ಅಡಗಿ ಕೂತಿದೆ. ಯಾರಿಗೆ ಅದು ಹೆಚ್ಚು ಬೇಕೋ ಅವರೇ ಅಲ್ಲಿಗೆ ಹೋಗೋದು ಕಮ್ಮಿ.

ಇದಕ್ಕೆಲ್ಲ ಮೂಲ ಒಂದು ಊಹೆ: ಒಬ್ಬರಿಗೆ ಒಂದು ಕಂಪ್ಯೂಟರ್, ಒಂದು ಹೆಡ್‌ಫೋನ್, ಒಂದು ಚೌಕ. ಅದು ನಮ್ಮ ಆಫೀಸಿನ ಜೀವನ. ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಂಥ ಊರನ್ನು ಯೋಚಿಸಿ. ಹತ್ತು ಜನ ರೇಷ್ಮೆ ಬೆಳೆಗಾರರು ಜಿಕೆವಿಕೆಯ ತಜ್ಞರೊಬ್ಬರ ಜೊತೆ ಮಾತಾಡಬೇಕು ಅಂದ್ರೆ ಹತ್ತು ಲ್ಯಾಪ್‌ಟಾಪ್ ಎಲ್ಲಿಂದ ಬರುತ್ತೆ? ಒಂದು ಕೋಣೆ, ಒಂದು ಕಂಪ್ಯೂಟರ್. ನಾನೂ ಹಳ್ಳಿಯಲ್ಲಿ ಬೆಳೆದವನೇ. ಅಲ್ಲಿ ಯಾರೂ 'ಹ್ಯಾಂಡ್ ರೈಸ್' ಮಾಡಲ್ಲ; ಹಿಂದಿನ ಸಾಲಿಂದ ಯಾರೋ "ಸಾರ್, ಎಲೆ ಮುದುರ್ಕೋತಾವೆ, ಏನ್ ಹೊಡೀಬೇಕು?" ಅಂತಾರೆ. ಮೀಟಿಂಗಿನ ಅಸಲಿ ಪ್ರಶ್ನೆ ಅದೇ. ಬ್ರೌಸರಿನ ಗದ್ದಲ ತಡೆಯೋ ವ್ಯವಸ್ಥೆ ಅಂಥ ದೂರದ ದನಿಯನ್ನೇ ಕೆಲವೊಮ್ಮೆ ಗದ್ದಲ ಅಂತ ತಿಳಿದು ತಗ್ಗಿಸಿಬಿಡುತ್ತೆ.

ಹಾಗಂತ ಜಿಟ್ಸಿ ಬೇಡ ಅಂತಲ್ಲ. ಇರೋದರಲ್ಲಿ ಬಗ್ಗಿಸಿಕೊಳ್ಳೋಕೆ ಆಗೋದು ಇದೇ. ಊರಿಗಾಗಿ ಜೋಡಿಸುವವರು ವೆಬ್‌ಕ್ಯಾಮಿಗೆ ಹಾಕೋ ದುಡ್ಡನ್ನು ಮೊದಲು ಕೋಣೆ ಮಧ್ಯೆ ಇಡುವ ಒಂದು ಒಳ್ಳೇ ಯುಎಸ್‌ಬಿ ಸ್ಪೀಕರ್‌ಫೋನಿಗೆ ಹಾಕಿ. ಬರುವ ವಿಡಿಯೋ ತಗ್ಗಿಸಿ. ಕ್ಯಾಮೆರಾವನ್ನು ಎಲೆ ತೋರಿಸುವಾಗ ಮಾತ್ರ ಆನ್ ಮಾಡಿ.

ಆದರೆ ಇದನ್ನೆಲ್ಲ ಹೊಂದಿಸೋಕೆ ನಮ್ಮಂಥ ಒಬ್ಬ ಬಿಇ ಮಾಡಿದವನು ಬಂದೇ ಕೂರಬೇಕು ಅನ್ನೋದಾದರೆ, ಆ ಒಬ್ಬನ ಒಂದು ದಿನದ ಸಂಬಳವನ್ನೂ ಖರ್ಚಿಗೆ ಸೇರಿಸಿ, ಆಮೇಲೆ 'ಅಗ್ಗ' ಅನ್ನಿ. 'ಒಂದು ಕೋಣೆ, ಹತ್ತು ಜನ' ಅಂತ ಒಂದು ಬಟನ್ ಮೊದಲ ಪರದೆಯಲ್ಲೇ ಬರೋವರೆಗೆ ಇದು ಪುಕ್ಕಟೆ ಸಾಫ್ಟ್‌ವೇರ್ ಹೌದು. ಊರಿನವರ ಸಾಫ್ಟ್‌ವೇರ್ ಇನ್ನೂ ಅಲ್ಲ. ಕೋಡ್ ಮುಕ್ತವಾಗಿದೆ. ಆ ಬಟನ್ ಬರೆಯಬಲ್ಲವರು ಬೆಂಗಳೂರಲ್ಲಿ ಬೇಕಾದಷ್ಟು ಜನ ಇದ್ದೀವಿ.