ಕಪಾಟಿನಲ್ಲಿ ಉಳಿದ ವರದಿ

ಕಲಬುರಗಿ, ಬೀದರ್ ಕಡೆಯ ಹಳೆಯ ಮುಸ್ಲಿಂ ಮನೆಗಳಲ್ಲಿ 'ಪೊಲೀಸ್ ಆಕ್ಷನ್' ಎಂಬುದು ಕಾಲವನ್ನು ಅಳೆಯುವ ಮಾತು. ಮದುವೆ, ಹೆರಿಗೆ, ಸಾವು ಎಲ್ಲವೂ ಅದಕ್ಕೆ ಮೊದಲು, ಇಲ್ಲವೇ ಆಮೇಲೆ. ಆಗ ನಡೆದದ್ದೇನು ಎಂದು ಕೇಳಿದರೆ ಮಾತ್ರ ಹಿರಿಯರು ಮಾತು ಬದಲಿಸುತ್ತಿದ್ದರು. ಕತೆ ಬರೆಯುವವನಾಗಿ, ಆ ಮೌನಕ್ಕೆ ಭಯವೊಂದೇ ಕಾರಣವೆಂದು ಬಹುಕಾಲ ನಂಬಿದ್ದೆ. ಸುಂದರಲಾಲ್ ಸಮಿತಿಯ ವರದಿ ಓದಿದ ಮೇಲೆ ಅದರಲ್ಲಿ ಸರಕಾರದ ಪಾಲೂ ಇದೆಯೆನ್ನಿಸಿತು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. ಐದೇ ದಿನಗಳಲ್ಲಿ ಎಲ್ಲ ಮುಗಿಯಿತು ಎಂದು ಪಠ್ಯಪುಸ್ತಕ ಹೇಳುತ್ತದೆ. ಆದರೆ ಆಮೇಲಿನ ಹತ್ಯೆ, ಲೂಟಿಗಳ ಸುದ್ದಿ ದೆಹಲಿಗೆ ಮುಟ್ಟಿ, ನೆಹರೂ ಅವರ ಇಚ್ಛೆಯಂತೆ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರು 16 ಜಿಲ್ಲೆಗಳ ಪೈಕಿ 9ರಲ್ಲಿ ಸುಮಾರು ಮೂರು ವಾರ ಸಂಚರಿಸಿದರು. ಎಷ್ಟು ಮಿತವಾಗಿ ಲೆಕ್ಕ ಹಾಕಿದರೂ ಸತ್ತವರು 27ರಿಂದ 40 ಸಾವಿರ ಎಂದು ಬರೆದರು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗ, ಬೀದರ್ ಎರಡೂ ಇದ್ದವು. ಸರಕಾರ ವರದಿಯನ್ನು ಪ್ರಕಟಿಸಲಿಲ್ಲ. ಅದರ ಪೂರ್ಣಪಾಠ ಸಾಮಾನ್ಯ ಓದುಗರಿಗೆ ಸಿಕ್ಕಿದ್ದು 2013ರಲ್ಲಿ, ಎ.ಜಿ. ನೂರಾನಿಯವರ ಇಂಗ್ಲಿಷ್ ಪುಸ್ತಕದಲ್ಲಿ.

ಶಾಂತಿ ಕದಡಬಾರದು ಎಂಬ ಸಮರ್ಥನೆಯನ್ನು ವಿಭಜನೆಯ ಗಾಯ ಹಸಿಯಾಗಿದ್ದ ಆ ದಿನಗಳ ಮಟ್ಟಿಗೆ ಒಪ್ಪಬಹುದು. ದಶಕಗಳ ನಂತರವೂ ಒಪ್ಪುವುದು ಹೇಗೆ? ಮೂವರು ಮೂರು ವಾರಗಳಲ್ಲಿ ಹಾಕಿದ ಅಂದಾಜು ಅಂತಿಮ ಸತ್ಯವಲ್ಲ. ಆಗಲೇ ಅಚ್ಚಾಗಿದ್ದರೆ ತಪ್ಪಿದ್ದಲ್ಲಿ ತಿದ್ದಲು ಸಾಕ್ಷಿಗಳು ಬದುಕಿದ್ದರು. ಮುಚ್ಚಿಟ್ಟದ್ದರಿಂದ ಸತ್ಯ ಮಾತ್ರವಲ್ಲ, ಅದನ್ನು ಪರೀಕ್ಷಿಸುವ ಅವಕಾಶವೂ ಹೋಯಿತು. ಉಳಿದದ್ದು ವದಂತಿ. ಒಬ್ಬರು ಏನೂ ಆಗಲಿಲ್ಲ ಎನ್ನುತ್ತಾರೆ, ಇನ್ನೊಬ್ಬರು ಲಕ್ಷಗಳಲ್ಲಿ ಎಣಿಸುತ್ತಾರೆ.

ವರದಿಯಲ್ಲಿರುವುದು ಬರೀ ಹತ್ಯೆಗಳೂ ಅಲ್ಲ. ರಜಾಕಾರರ ದೌರ್ಜನ್ಯವನ್ನು ಅದು ಮರೆಮಾಚುವುದಿಲ್ಲ. ಕೆಲವೆಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ಪ್ರಾಣ ಕೊಟ್ಟು ಉಳಿಸಿದ್ದನ್ನೂ ದಾಖಲಿಸಿದೆ. ತಪ್ಪಿತಸ್ಥರ ಜೊತೆಗೆ ಈ ನೇಕಾರರನ್ನೂ ಸರಕಾರ ಕಪಾಟಿನಲ್ಲಿ ಬೀಗ ಹಾಕಿಟ್ಟಿತು. ನಮ್ಮ ಮಕ್ಕಳು ಓದಬೇಕಾಗಿದ್ದ ಪುಟ ಅದೇ ಆಗಿತ್ತು.

ನಮ್ಮ ತಪ್ಪೂ ಇದೆ. ನಮ್ಮ ಸಾವುಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂಬ ನೋವಿನಲ್ಲಿ, ಅದೇ ವರ್ಷ ರಜಾಕಾರರ ಕೈಯಲ್ಲಿ ಗೋರಟಾದಲ್ಲಿ ಸತ್ತವರ ಬಗ್ಗೆ ನಾವೂ ಬಾಯಿ ಬಿಡಲಿಲ್ಲ. ಗುಟ್ಟು ಸರಕಾರದ ಮನೆಯಲ್ಲಿ ಹುಟ್ಟಿದರೂ ನಮ್ಮ ಮನೆಗಳಲ್ಲಿ ಬೆಳೆಯಿತು.

ಪ್ರತಿ ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಧ್ವಜ ಹಾರುತ್ತದೆ. ಹಾರಲಿ. ಮಾಹಿತಿ ಹಕ್ಕು ಕಾಯಿದೆ ಬಂದದ್ದು 2005ರಲ್ಲಿ. ಇನ್ನು ಅರ್ಜಿ ಹಾಕುವವರಿಗಾಗಿ ಕಾಯದೆ, ಸರಕಾರವೇ ಆ ವರದಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಲಿ. ನಮ್ಮ ಹಿರಿಯರಲ್ಲಿ ಹೆಚ್ಚಿನವರು ಈಗಿಲ್ಲ. ಅವರು ಹೇಳದೆ ಹೋದದ್ದನ್ನು ಮೊಮ್ಮಕ್ಕಳಾದರೂ ಓದಲಿ.